ದೊಡ್ಡಪ್ಪ ಮೆಣಸಿನ ಬಳ್ಳಿಯ ಬಳಿ ನಿಲ್ಲುತ್ತಿದ್ದುದೇಕೆ

ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ತೋಟದಲ್ಲಿ ಮನೆಯಿಂದ ಕೆರೆಗೆ ಒಂದು ಕಡಿದಾದ ದಾರಿಯಿದೆ. ಇಳಿಯುವುದು ಸುಲಭ, ವಾಪಸು ಹತ್ತುವಾಗ ಯಾರಿಗಾದರೂ ಏದುಸಿರು ಬರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪ ಆ ಏರಿನಲ್ಲಿ ಮೆಣಸಿನ ಬಳ್ಳಿ ನೋಡುವುದನ್ನು ರೂಢಿ ಮಾಡಿಕೊಂಡರು. ಒಂದು ಸಿಲ್ವರ್ ಓಕ್ ಮರದ ಬುಡದಲ್ಲಿ ನಿಲ್ಲುವರು, ಎಲೆ ಮಗುಚಿ ನೋಡುವರು, ಎರಡು ಕಾಳು ಹಿಸುಕುವರು. ಮತ್ತೆ ಹತ್ತು ಹೆಜ್ಜೆಗೆ ಇನ್ನೊಂದು ಮರ. ಆಗ ಅವರಿಗೆ 78 ವರ್ಷ. ಬೆಳೆಯ ಮೇಲೆ ಇದ್ದಕ್ಕಿದ್ದಂತೆ ಕಾಳಜಿ ಹೆಚ್ಚಿದೆ ಎಂದುಕೊಂಡೆವು. ಅವರು ನಿಲ್ಲುತ್ತಿದ್ದುದು ಉಸಿರಿಗಾಗಿ. ಅದು ಅವರಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ, ಇವತ್ತಿಗೂ ತಿಳಿಯದು.

ಡಿಸೆಂಬರಿನಲ್ಲಿ ಕಣದಲ್ಲಿ ಕಾಫಿ ಹರವುತ್ತಿದ್ದವರು ಕಣ್ಣು ಕತ್ತಲಿಟ್ಟು ಕುಸಿದರು. ವಿರಾಜಪೇಟೆಯ ವೈದ್ಯರು ಎದೆಯ ಬಲ ಮೇಲ್ಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ಅದನ್ನು ಕತ್ತಿನ ಪಕ್ಕಕ್ಕೆ ಸರಿಸಿದರು. ನನ್ನ ಕಿವಿಗೂ ಕೊಟ್ಟರು. ಲಬ್ ಮತ್ತು ಡಬ್ ನಡುವೆ, ಒಣಮರಕ್ಕೆ ಗರಗಸ ಎಳೆದಂಥ ಒರಟು ಸದ್ದು. ಕಿರಿದಾದ ಬಾಗಿಲಲ್ಲಿ ರಕ್ತ ನುಗ್ಗುವ ಸದ್ದು ಅದು.

ಮೈಸೂರಿನಲ್ಲಿ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ ಆಯಿತು. ವರದಿಯಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಅಂಕಿಯ ಮೇಲೆ: 0.7 ಚದರ ಸೆಂಟಿಮೀಟರ್. ಹೃದಯದ ಎಡ ಕೋಣೆಯಿಂದ ಮಹಾಪಧಮನಿಗೆ ರಕ್ತ ಹೊರಡುವ ಜಾಗದಲ್ಲಿ ಮೂರು ಎಸಳುಗಳ ಕವಾಟವಿದೆ. ಆರೋಗ್ಯವಂತರಲ್ಲಿ ಅದು ತೆರೆದಾಗ 3ರಿಂದ 4 ಚದರ ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಅಗಲ. ದೊಡ್ಡಪ್ಪನಲ್ಲಿ ಉಳಿದಿದ್ದದ್ದು ಒಂದು ಕಾಫಿ ಬೀಜದ ಚಪ್ಪಟೆ ಮುಖದಷ್ಟು. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಆ ಸಂದಿನಲ್ಲೇ ತೂರಬೇಕು. ದಿನಕ್ಕೆ ಲಕ್ಷ ಸಲ ತೆರೆದು ಮುಚ್ಚುವ ಎಸಳುಗಳ ಮೇಲೆ ದಶಕಗಳ ಕಾಲ ಸುಣ್ಣ (ಕ್ಯಾಲ್ಸಿಯಂ) ಕಟ್ಟಿ, ಅವು ಕಲ್ಲಿನಂತಾಗಿದ್ದವು. ಹುಟ್ಟಿನಿಂದಲೇ ಎರಡೇ ಎಸಳು ಇರುವವರಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಏರು ಹತ್ತುವಾಗ ಉಸಿರುಕಟ್ಟುವುದು, ಎದೆ ಹಿಡಿಯುವುದು, ತಲೆ ತಿರುಗಿ ಬೀಳುವುದು ಇದರ ಮೂರು ಗುರುತುಗಳು. ಇವು ಕಾಣಿಸಿಕೊಂಡ ಮೇಲೆ ಕವಾಟ ಬದಲಿಸದೆ ಬಿಟ್ಟರೆ ಬದುಕು ಸಾಮಾನ್ಯವಾಗಿ ಎರಡರಿಂದ ಐದು ವರ್ಷ. ಮಾತ್ರೆಯಿಂದ ಈ ಸುಣ್ಣ ಕರಗುವುದಿಲ್ಲ.

ಕಾಫಿ ಬೆಳೆಗಾರರಿಗೆ ಕವಾಟದ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಚ್ಚಲು ಕೆರೆಗೆ ಪೈಪ್ ಇಳಿಸುತ್ತೇವಲ್ಲ, ಅದರ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ನೀರು ಮೇಲೇರುವಾಗ ತೆರೆದುಕೊಳ್ಳುತ್ತದೆ, ಹಿಂದಕ್ಕೆ ಜಾರದಂತೆ ಮುಚ್ಚಿಕೊಳ್ಳುತ್ತದೆ. ಅದು ಕೆಟ್ಟರೆ ಎಂಜಿನ್ ನಿಲ್ಲಿಸಿ, ಪೈಪನ್ನು ದಡಕ್ಕೆಳೆದು, ಬಿಚ್ಚಿ ಬೇರೆಯದನ್ನು ಹಾಕಬೇಕು. ತೆರೆದ ಹೃದಯದ ಶಸ್ತ್ರಚಿಕಿತ್ಸೆಯೂ ಹೀಗೆಯೇ. ಎದೆಮೂಳೆ ಸೀಳಿ, ಹೃದಯ ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಹರಿಸುತ್ತ, ಹಳೆಯ ಕವಾಟ ಕತ್ತರಿಸಿ ಹೊಸದನ್ನು ಹೊಲಿಯುತ್ತಾರೆ. ಒಳ್ಳೆಯ ಚಿಕಿತ್ಸೆ, ದಶಕಗಳಿಂದ ಜೀವ ಉಳಿಸಿದೆ. ಆದರೆ ಎಂಬತ್ತರ ಆಸುಪಾಸಿನ, ಮೂತ್ರಪಿಂಡವೋ ಶ್ವಾಸಕೋಶವೋ ಸೋತ ದೇಹಕ್ಕೆ ಅದನ್ನು ತಾಳಿಕೊಳ್ಳುವುದು ಕಷ್ಟ. ಅಂಥವರಿಗೆ ‘ಈ ವಯಸ್ಸಿನಲ್ಲಿ ಬೇಡ’ ಎಂದು ಹೇಳಿ ಮನೆಗೆ ಕಳುಹಿಸುತ್ತಿದ್ದ ಕಾಲವಿತ್ತು.

ಎಂಜಿನ್ ಓಡುತ್ತಿರುವಾಗಲೇ, ಪೈಪಿನ ಇನ್ನೊಂದು ತುದಿಯಿಂದ ಮಡಚಿದ ವಾಲ್ವ್ ತೂರಿಸಿ, ಹಳೆಯದರ ಒಳಗೇ ಅರಳಿಸಿದರೆ? ಡೆನ್ಮಾರ್ಕಿನ ಹೆನ್ನಿಂಗ್ ರೂಡ್ ಆಂಡರ್ಸನ್ ಎಂಬ ವೈದ್ಯರಿಗೆ ಹೊಳೆದದ್ದು ಈ ಯೋಚನೆ. ಹಂದಿಯ ಕವಾಟವನ್ನು ಕೈಯಾರೆ ಬಾಗಿಸಿದ ತಂತಿಯ ಬಲೆಗೆ ಹೊಲಿದು, 1989ರಲ್ಲಿ ಬದುಕಿರುವ ಹಂದಿಯಲ್ಲಿ ಅದನ್ನು ಕೂರಿಸಿದರು. ಮನುಷ್ಯನಲ್ಲಿ ಮೊದಲು ಮಾಡಿದವರು ಫ್ರಾನ್ಸಿನ ರುವಾನ್ ನಗರದ ಅಲೇನ್ ಕ್ರಿಬಿಯೇ, 2002ರ ಏಪ್ರಿಲ್ 16ರಂದು. ರೋಗಿಗೆ 57 ವರ್ಷ, ಯಾವ ಶಸ್ತ್ರಚಿಕಿತ್ಸಕರೂ ಮುಟ್ಟಲಾರದ ಸ್ಥಿತಿ. ಆತ ಬದುಕಿದ್ದು ನಾಲ್ಕೇ ತಿಂಗಳು. ಆದರೂ ಕವಾಟ ಕೆಲಸ ಮಾಡುತ್ತದೆ ಎಂಬುದು ಸಾಬೀತಾಯಿತು. ಆ ನಾಲ್ಕು ತಿಂಗಳ ಋಣ ದೊಡ್ಡಪ್ಪನಂಥ ಲಕ್ಷಾಂತರ ಜನರ ಮೇಲಿದೆ ಎಂದು ನನಗನ್ನಿಸುತ್ತದೆ.

ಹೀಗೆ ರಕ್ತನಾಳದ ಮೂಲಕ ಮಹಾಪಧಮನಿಯ ಕವಾಟ ಕೂರಿಸುವುದಕ್ಕೆ ಈಗ ಟಾವಿ (TAVI) ಎಂದು ಹೆಸರು. ದೊಡ್ಡಪ್ಪನಿಗೆ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಕವಾಟದ ಸುತ್ತಳತೆ, ಸುಣ್ಣ ಎಲ್ಲೆಲ್ಲಿದೆ, ತೊಡೆಯಿಂದ ಮೇಲಕ್ಕೆ ರಕ್ತನಾಳ ಎಷ್ಟು ಅಗಲ, ಎಷ್ಟು ಡೊಂಕು ಎಂದು ಅಳೆದರು. ನನ್ನ ಪ್ರಕಾರ ಅರ್ಧ ಚಿಕಿತ್ಸೆ ಈ ಅಳತೆಯಲ್ಲೇ ಇದೆ. ಕವಾಟ ಚಿಕ್ಕದಾದರೆ ಸೋರುತ್ತದೆ, ದೊಡ್ಡದಾದರೆ ಸುತ್ತಲಿನ ಗೋಡೆ ಹರಿಯಬಹುದು. ಹೊಸ ಕವಾಟವೆಂದರೆ ಲೋಹದ ಬಲೆಗೆ ಹೊಲಿದ, ಹಸುವಿನ ಅಥವಾ ಹಂದಿಯ ಹೃದಯದ ಹೊರಪೊರೆ. ಅದನ್ನು ಪೆನ್ಸಿಲ್ ಗಾತ್ರಕ್ಕೆ ಅದುಮಿ, ತೊಡೆಸಂದಿನ ರಕ್ತನಾಳದಿಂದ ತೂರಿಸಿ, ಹರಿವಿಗೆ ಎದುರಾಗಿ ಮೇಲೇರಿಸುತ್ತಾರೆ. ಬಲೂನ್ ಉಬ್ಬಿಸುವ ಬಗೆಯಾದರೆ ಆ ಕ್ಷಣಕ್ಕೆ ಹೃದಯ ಕವಾಟವನ್ನು ಹೊರಕ್ಕೆ ಚಿಮ್ಮಿಸಬಾರದು. ಅದಕ್ಕೆ ತಂತಿಯೊಂದರ ಮೂಲಕ ವಿದ್ಯುತ್ ಸಂಕೇತ ಕೊಟ್ಟು ಹೃದಯವನ್ನು ನಿಮಿಷಕ್ಕೆ 180ಕ್ಕೂ ಹೆಚ್ಚು ವೇಗದಲ್ಲಿ ಓಡಿಸುತ್ತಾರೆ. ಅಷ್ಟು ವೇಗದಲ್ಲಿ ಹೃದಯ ತುಂಬಿಕೊಳ್ಳುವುದೇ ಇಲ್ಲ, ಬರೀ ನಡುಗುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಬಲೂನ್ ಉಬ್ಬಿ ಬಲೆ ಅರಳುತ್ತದೆ, ಹಳೆಯ ಎಸಳುಗಳು ಗೋಡೆಗೆ ಒತ್ತಿಕೊಳ್ಳುತ್ತವೆ. ಹೊಲಿಗೆಯೊಂದೂ ಇಲ್ಲದ ಬಲೆಯನ್ನು ಅಲ್ಲಾಡದಂತೆ ಹಿಡಿದುಕೊಳ್ಳುವುದು ಕಾಯಿಲೆ ತಂದ ಅದೇ ಸುಣ್ಣ! ದೊಡ್ಡಪ್ಪನಿಗೆ ಪೂರ್ತಿ ಅರಿವಳಿಕೆ ಕೊಟ್ಟಿರಲಿಲ್ಲ. ‘ಎದೆಯೊಳಗೆ ಹಕ್ಕಿ ರೆಕ್ಕೆ ಬಡಿದಂತಾಯಿತು’ ಎಂದರು. ಮರುದಿನ ವಾರ್ಡಿನಲ್ಲಿ ನಡೆದರು.

ಟಾವಿಯನ್ನು ಹೊಗಳುವ ಭರದಲ್ಲಿ ಅಪಾಯಗಳನ್ನು ಮರೆಯಬಾರದು. ಹೃದಯದ ವಿದ್ಯುತ್ ಎಳೆಗಳು ಕವಾಟದ ಪಕ್ಕದಲ್ಲೇ ಹಾದುಹೋಗುತ್ತವೆ. ಬಲೆ ಅವನ್ನು ಒತ್ತಿದರೆ ಪೇಸ್‌ಮೇಕರ್ ಬೇಕಾಗುತ್ತದೆ. ಸುಣ್ಣದ ಚೂರು ಮೆದುಳಿಗೆ ಹೋದರೆ ಪಾರ್ಶ್ವವಾಯು. ತೊಡೆಯಲ್ಲಿ ರಕ್ತಸ್ರಾವವಾಗಬಹುದು. ಇಷ್ಟಿದ್ದೂ, ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲ ಎಂದಿದ್ದ 358 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ಆರೈಕೆಯಲ್ಲೇ ಇದ್ದವರಲ್ಲಿ ವರ್ಷದೊಳಗೆ ನೂರಕ್ಕೆ 51 ಮಂದಿ ತೀರಿಕೊಂಡರೆ, ಟಾವಿ ಆದವರಲ್ಲಿ 31. ನೂರರಲ್ಲಿ ಇಪ್ಪತ್ತು ಜೀವ ಉಳಿಸುವ ಚಿಕಿತ್ಸೆ ವೈದ್ಯಕೀಯದಲ್ಲಿ ಅಪರೂಪ. ಈಗ ಅಮೆರಿಕದ 2020ರ ಮಾರ್ಗಸೂಚಿಯ ಪ್ರಕಾರ 65ಕ್ಕಿಂತ ಚಿಕ್ಕವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ, 80 ದಾಟಿದವರಿಗೆ ಟಾವಿ, ನಡುವಿನವರು ವೈದ್ಯರ ಜೊತೆ ಕೂತು ತೀರ್ಮಾನಿಸಬೇಕು. ಪ್ರಾಣಿಯ ಪೊರೆ ಶಾಶ್ವತವಲ್ಲ, ಸವೆಯುತ್ತದೆ. ನಲವತ್ತರ ವಯಸ್ಸಿನವರಿಗೆ ಅದು ದೊಡ್ಡ ಲೆಕ್ಕ. ನಮ್ಮಲ್ಲಿ ಇನ್ನೂ ಕಾಡುವ, ಬಾಲ್ಯದ ಗಂಟಲುನೋವಿನಿಂದ ಶುರುವಾಗುವ ಸಂಧಿವಾತ ಜ್ವರ ಹೆಚ್ಚಾಗಿ ಬೇರೊಂದು ಕವಾಟವನ್ನು ಕೆಡಿಸುತ್ತದೆ. ಅದರ ದಾರಿಯೇ ಬೇರೆ.

ಖರ್ಚಿನ ಮಾತು ಆಡಲೇಬೇಕು. ನಮ್ಮ ದೇಶದಲ್ಲಿ ಟಾವಿಗೆ ಹತ್ತು ಲಕ್ಷಕ್ಕೂ ಮೀರಿ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಕವಾಟದ ಬೆಲೆಯೇ. ಗುಜರಾತಿನ ವಾಪಿಯಲ್ಲಿ ತಯಾರಾಗುವ ಮೈವಾಲ್ ಎಂಬ ಭಾರತೀಯ ಕವಾಟ ಈಗ ಯುರೋಪಿಗೂ ಹೋಗುತ್ತದೆ. ಆದರೂ ತೋಟದ ಕೆಲಸಗಾರರಿರುವ ನಮ್ಮ ಲೈನ್‌ಮನೆಯ ಅಜ್ಜಿಯೊಬ್ಬರಿಗೆ ಇದೇ ಕಾಯಿಲೆ ಬಂದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ನಾವು ಕೊಯ್ಲಿನ ಹಣ ಹಾಕಿದೆವು, ಸಾಲದ್ದಕ್ಕೆ ಸಾಲ ಮಾಡಿದೆವು. ರೈಲೇ ಇಲ್ಲದ ಜಿಲ್ಲೆ ನಮ್ಮದು, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ರಸ್ತೆ. ಹಾಗಾಗಿ ಕಾಯಿಲೆಯನ್ನು ಬೇಗ ಗುರುತಿಸುವುದು ಇಲ್ಲಿ ಇನ್ನೂ ಮುಖ್ಯ. ಗುರುತಿಸಲು ಬೇಕಾದದ್ದು ಎರಡು ನಿಮಿಷ ಮತ್ತು ಒಂದು ಸ್ಟೆತಸ್ಕೋಪ್. ಮನೆಯ ಹಿರಿಯರು ಏರು ಹತ್ತುವಾಗ ಹೊಸದಾಗಿ ನಿಲ್ಲಲು ಶುರುಮಾಡಿದರೆ, ದಯವಿಟ್ಟು ‘ವಯಸ್ಸಾಯಿತು’ ಎಂದು ಸುಮ್ಮನಾಗಬೇಡಿ. ‘ಎದೆಯ ಸದ್ದು ಒಮ್ಮೆ ಕೇಳಿ’ ಎಂದು ವೈದ್ಯರಿಗೆ ಹೇಳಿ.

ಹೊಸ ಕವಾಟ ಕೂತವರು ಹಲ್ಲು ಕೀಳಿಸುವ ಮೊದಲು ತಪ್ಪದೆ ಹೃದಯ ವೈದ್ಯರನ್ನು ಕೇಳಬೇಕು. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕವಾಟದ ಮೇಲೆ ನೆಲೆಯೂರಬಲ್ಲವು. ದೊಡ್ಡಪ್ಪ ಈ ಎಚ್ಚರಿಕೆ ಬರೆದ ಚೀಟಿಯನ್ನು ಬ್ಯಾಂಕಿನ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಿದ್ದಾರೆ.

ಕಳೆದ ಮಾರ್ಚಿನಲ್ಲಿ ಕೆರೆಯ ಬಳಿ ಪಂಪ್ ನೋಡಿ ಇಬ್ಬರೂ ಮೇಲೆ ಬರುತ್ತಿದ್ದೆವು. ಮೂರನೆಯ ಮರದ ಬಳಿ ಅವರು ನಿಂತುಬಿಟ್ಟರು. ನನ್ನ ಎದೆ ಧಸಕ್ಕೆಂದಿತು, ಓಡಿ ಹೋಗಿ ತೋಳು ಹಿಡಿದೆ. ಅವರು ಕೈ ಬಿಡಿಸಿಕೊಂಡು ಬಳ್ಳಿಯ ಹಳದಿ ಎಲೆಯೊಂದನ್ನು ನನ್ನ ಮುಖಕ್ಕೆ ಹಿಡಿದರು. ‘ಸೊರಗು ರೋಗ ಶುರುವಾಗಿದೆ, ಬುಡ ಬಿಡಿಸಿ ನೋಡಬೇಕು’ ಎಂದರು.