ಲಿಡ್ಲ್ ಕಂಪನಿಯ 50 ಕೋಟಿ ಯೂರೋ ಎಲ್ಲಿ ಹೋಯ್ತು?

ಲಿಡ್ಲ್ ಅನ್ನೋ ಜರ್ಮನ್ ಸೂಪರ್‌ಮಾರ್ಕೆಟ್ ಯುರೋಪಲ್ಲಿರೋ ಕನ್ನಡಿಗರಿಗೆಲ್ಲ ಗೊತ್ತು, ವಾರದ ಸಾಮಾನು ಕಮ್ಮಿ ರೇಟಿಗೆ ಸಿಗೋ ಜಾಗ. ಇವ್ರು 2011ರಲ್ಲಿ ಹಳೇ ಸ್ಟಾಕ್ ಸಿಸ್ಟಮ್ ತೆಗೆದು ಸ್ಯಾಪ್ ಹಾಕೋಕೆ ಹೊರಟ್ರು. ಸ್ಯಾಪ್ ಕೂಡ ಜರ್ಮನಿದೇ, ಬೆಂಗಳೂರಲ್ಲೂ ದೊಡ್ಡ ಆಫೀಸ್ ಇದೆ, ಕಂಪನಿಗಳ ಖರೀದಿ, ಸ್ಟಾಕ್, ಅಕೌಂಟ್ಸ್ ಎಲ್ಲ ಒಂದೇ ಕಡೆ ನೋಡ್ಕೊಳ್ಳೋ ಹೆಸರಿರೋ ಸಾಫ್ಟ್‌ವೇರ್. ಆದ್ರೂ 2018ರ ಜುಲೈನಲ್ಲಿ ಲಿಡ್ಲ್ ಇಡೀ ಪ್ರಾಜೆಕ್ಟ್ ಕೈಬಿಟ್ಟು ಹಳೇ ಸಿಸ್ಟಮ್ಮಿಗೇ ವಾಪಸ್ ಹೋಯ್ತು. ಅಷ್ಟೊತ್ತಿಗೆ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು ಅಂತ ಪತ್ರಿಕೆಗಳಲ್ಲಿ ಬಂತು.

ಮುಖ್ಯ ತೊಡಕು ಒಂದು ಲೆಕ್ಕದ ಪದ್ಧತಿ. ಲಿಡ್ಲ್ ಮೊದಲಿಂದ್ಲೂ ಸ್ಟಾಕಿಗೆ ಬೆಲೆ ಕಟ್ತಿದ್ದಿದ್ದು ಕೊಂಡ ರೇಟಲ್ಲಿ, ಸ್ಯಾಪ್‌ನ ರೀಟೇಲ್ ಪ್ಯಾಕೇಜ್ ಸ್ಟ್ಯಾಂಡರ್ಡಾಗಿ ಮಾರೋ ರೇಟಲ್ಲಿ ಕಟ್ಟತ್ತೆ. ಒಂದು ಬಿಸ್ಕತ್ ಪ್ಯಾಕು 60 ಸೆಂಟಿಗೆ ತಂದು 80ಕ್ಕೆ ಮಾರ್ತಾರೆ ಅಂದ್ಕೊಳ್ಳಿ, ಗೋಡೌನಲ್ಲಿರೋ 1000 ಪ್ಯಾಕಿನ ಬೆಲೆ 600 ಯೂರೋನಾ 800 ಯೂರೋನಾ? ನಾಳೆ ಡಿಸ್ಕೌಂಟ್ ಕೊಟ್ರೆ ಎರಡನೇ ಲೆಕ್ಕದಲ್ಲಿ ಆ ಬೆಲೆ ಬದಲಾಗತ್ತೆ, ಮೊದಲನೇದ್ರಲ್ಲಿ ಅಲ್ಲಾಡಲ್ಲ. ಅಂಗಡಿಯ ಲಾಭ, ಕಳುವು, ಕೊಳೆತು ಹೋದ ಮಾಲು, ಮುಂದಿನ ಆರ್ಡರ್ ಎಲ್ಲದರ ಲೆಕ್ಕಕ್ಕೂ ಇದೇ ಬುಡ. ಲಿಡ್ಲ್ ತನ್ನ ಪದ್ಧತಿ ಬಿಡಲ್ಲ ಅಂತು, ಹಾಗಾಗಿ ಸಾಫ್ಟ್‌ವೇರನ್ನೇ ತಿದ್ದಬೇಕಾಯ್ತು, ಬುಡದಲ್ಲಿ ತಿದ್ದಿದ್ರೆ ಅದಕ್ಕೆ ಅಂಟ್ಕೊಂಡಿರೋ ರಿಪೋರ್ಟು ಅಕೌಂಟ್ಸು ಎಲ್ಲಾನೂ ತಿದ್ದಿ ಮತ್ತೆ ಟೆಸ್ಟ್ ಮಾಡ್ಬೇಕು, ಖರ್ಚು ಏರ್ತಾನೇ ಹೋಗತ್ತೆ. ಇದರ ಮಧ್ಯೆ 2014ರಲ್ಲಿ ಸಿಇಒ ಬದಲಾದ್ರು, 2017ರಲ್ಲಿ ಮತ್ತೆ ಬದಲಾದ್ರು. ಪ್ರಾಜೆಕ್ಟ್ ನನ್ನದು ಅಂತ ಮೇಲಿಂದ ಕೊನೇವರೆಗೂ ಹಿಡ್ಕೊಂಡು ನಿಲ್ಲೋರು ಬೇಕಿತ್ತು.

ನನ್ನ ಪ್ರಕಾರ ಯಾವ ಸಾಫ್ಟ್‌ವೇರ್ ಅನ್ನೋದು ಪ್ಲಾನಿಂಗ್‌ನಲ್ಲಿ ಎರಡನೇ ಪ್ರಶ್ನೆ. ನಮ್ಮ ಯಾವ ಪದ್ಧತಿ ಬಿಡೋಕೆ ರೆಡಿ, ಯಾವುದು ಬಿಡಲ್ಲ ಅನ್ನೋದು ಮೊದಲು ತೀರ್ಮಾನ ಆಗ್ಬೇಕು, ಮತ್ತೆ ಅದು ಐಟಿ ವಿಭಾಗದ ಕೈಲಿ ಆಗೋ ತೀರ್ಮಾನ ಅಲ್ಲ, ಮಾಲೀಕರು, ಫೈನಾನ್ಸ್‌ನವ್ರು, ಅಂಗಡಿ ನಡೆಸೋರು ಒಟ್ಟಿಗೆ ಕೂರ್ಬೇಕು.

ಗೋಡೌನಿನವ್ರೂ ಕೂರ್ಬೇಕು. ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿ 48 ತಿಂಗಳು ಬೇಕು ಅಂದಿದ್ದ ಕೆಲ್ಸಾನ 30 ತಿಂಗಳಿಗೆ ಇಳಿಸಿ 1999ರ ಜುಲೈನಲ್ಲಿ ಸ್ಯಾಪ್ ಸೇರಿದ್ದ ಹೊಸ ಸಿಸ್ಟಮ್ ಶುರು ಮಾಡ್ತು, ಮಕ್ಕಳಿಗೆ ಚಾಕೊಲೇಟ್ ಹಂಚೋ ಹ್ಯಾಲೋವೀನ್ ಹಬ್ಬದ ಆರ್ಡರ್‌ಗಳು ಬರೋ ಹೊತ್ತಲ್ಲೇ. ಮಾಲು ಇತ್ತು, ಆದ್ರೂ ಸುಮಾರು 10 ಕೋಟಿ ಡಾಲರಿನ ಆರ್ಡರ್ ತಲುಪಿಸೋಕಾಗ್ಲಿಲ್ಲ. ಸೀಸನ್ನಲ್ಲಿ ಜಾಗ ಸಾಲದೆ ಅಲ್ಲಿಲ್ಲಿ ಇಡ್ತಿದ್ದ ಮಾಲು ಹೊಸ ಸಿಸ್ಟಮ್ಮಲ್ಲಿ ನಮೂದೇ ಆಗಿರ್ಲಿಲ್ಲ ಅಂತ ಆಮೇಲೆ ವರದಿಯಾಯ್ತು. ಗೋಡೌನಿನವ್ರಿಗೆ ಗೊತ್ತಿದ್ದ ಜಾಗಗಳು ಅವು. ಅದೇ ಕಂಪನಿ 2002ರಲ್ಲಿ ಅದೇ ಸ್ಯಾಪ್‌ನ ಹೊಸ ವರ್ಷನ್‌ಗೆ ಹೋದಾಗ ಟೆಸ್ಟಿಂಗ್ ಸರಿಯಾಗಿ ಮಾಡಿದ್ರು, ಆ ರಗಳೆ ಮತ್ತೆ ಆಗ್ಲಿಲ್ಲ.