ಸಿರಪ್ ಕುಡಿಸಿ ವ್ಯಾನ್ ಹತ್ತಿಸಬೇಡಿ

ಜೂನ್ ಬಂತು ಅಂದರೆ ಮಂಡ್ಯದ ನನ್ನ ಕ್ಲಿನಿಕ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಯ ಮೇಲೆ ಯೂನಿಫಾರಂ ಹಾಕಿದ ಮಕ್ಕಳೇ ತುಂಬಿಕೊಳ್ಳುತ್ತಾರೆ. ಬೆಳಗ್ಗೆ ಹೇಗಿದ್ದ ಅಂತ ಕೇಳಿದರೆ, ‘ಚೆನ್ನಾಗೇ ಇದ್ದ ಸಾರ್, ಜ್ವರ ಬಿಟ್ಟಿತ್ತು.’ ಸಿರಪ್ ಏನಾದರೂ ಹಾಕಿದ್ರಾ? ಅಮ್ಮ ಅಜ್ಜಿಯ ಮುಖ ನೋಡುತ್ತಾರೆ. ಅಜ್ಜಿ ಹೇಳುತ್ತಾರೆ, ‘ಏಳೂವರೆಗೆ ಒಸಿ ಹಾಕಿದ್ದೆ ಕಣಪ್ಪ.’

ಕೈ ತೊಳೆಯೋದು, ಲಸಿಕೆ, ಬಿಸಿ ಊಟ ಎಲ್ಲ ನಿಮಗೆ ಗೊತ್ತು. ಈ ಏಳೂವರೆ ಸಿರಪ್ಪಿನ ಬಗ್ಗೆ ಮಾತ್ರ ಮಾತಾಡೋಣ.

ಆ ಸಿರಪ್ಪಿನಲ್ಲಿರುವ ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ರೋಗ ವಾಸಿ ಮಾಡಲ್ಲ. ಅದರ ಕೆಲಸ ನಾಲ್ಕರಿಂದ ಆರು ಗಂಟೆ, ಅಷ್ಟೇ. ಏಳೂವರೆಗೆ ಕುಡಿಸಿದರೆ ವ್ಯಾನ್ ಹತ್ತುವಾಗ ಹಣೆ ತಣ್ಣಗಿರುತ್ತದೆ, ಮಗು ನಗುತ್ತಲೂ ಇರುತ್ತದೆ, ಹನ್ನೆರಡು ಗಂಟೆಗೆ ಕ್ಲಾಸಿನಲ್ಲಿ ಮತ್ತೆ ನಡುಕ ಶುರು. ಅಷ್ಟರಲ್ಲಿ ಅದೇ ಬೆಂಚಿನ ಇನ್ನಿಬ್ಬರಿಗೆ ಕೆಮ್ಮು ಹಂಚಿಯಾಗಿರುತ್ತದೆ. ಹಾಗಾಗಿ ಸಿರಪ್ ಹಾಕಿದ ಮೇಲೆ ಹಣೆ ಮುಟ್ಟಿ ‘ಜ್ವರ ಬಿಟ್ಟಿದೆ’ ಅನ್ನಬೇಡಿ. ಸಿರಪ್ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಬಿಟ್ಟಿದೆ ಅಂತ ಲೆಕ್ಕ. ಮತ್ತೆ ಹೇಳುತ್ತೇನೆ, ಸಿರಪ್ ಇಲ್ಲದೆ. ರಾತ್ರಿ ಹತ್ತಕ್ಕೆ ಹಾಕಿ, ಬೆಳಗ್ಗೆ ಆರಕ್ಕೆ ಮೈ ತಣ್ಣಗಿದ್ದರೆ ಅದು ಎಂಟೇ ಗಂಟೆ. ಆ ದಿನ ರಜೆ.

ಬರೀ ಮೂಗು ಸೋರುತ್ತಿದೆ, ಜ್ವರ ಇಲ್ಲ, ಆಟ ಆಡುತ್ತಿದೆ, ತಿನ್ನುತ್ತಿದೆ ಅಂದರೆ ಧಾರಾಳವಾಗಿ ಕಳಿಸಿ. ಶೀತ ಆದ ಮೇಲೆ ಕೆಮ್ಮು ಎರಡು ವಾರ ಎಳೆಯೋದು ಸಾಮಾನ್ಯ, ಅದಕ್ಕೆಲ್ಲ ಮನೆಯಲ್ಲಿ ಕೂರಿಸಿದರೆ ಮಗು ವರ್ಷವಿಡೀ ಮನೆಯಲ್ಲೇ ಇರಬೇಕಾಗುತ್ತದೆ. ಉಸಿರಾಟ ಜೋರಾಗಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಬೇರೆ ಮಾತು, ತಕ್ಷಣ ತೋರಿಸಿ.

ನನಗೆ ಜಾಸ್ತಿ ಭಯ ಡೆಂಗಿಯದು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು, ನೆನಪಿದೆ ಅಲ್ವಾ? ಡೆಂಗಿಯಲ್ಲಿ ನಿಜವಾದ ಅಪಾಯ ಬರೋದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ಒಳಗೆ, ಜ್ವರ ಇಳಿಯುವ ಹೊತ್ತಿಗೆ. ಮನೆಯವರು ನಿಟ್ಟುಸಿರು ಬಿಟ್ಟು ಮಗುವನ್ನು ಸ್ಕೂಲಿಗೆ ಕಳಿಸುವ ದಿನವೇ ಅದು. ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗೋದು, ಮೂತ್ರ ಕಡಿಮೆಯಾಗೋದು, ಮಗು ಸುಮ್ನೆ ಮಂಕಾಗಿ ಮಲಗೋದು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಮೆಡಿಕಲ್ ಸ್ಟೋರಿನಲ್ಲಿ ‘ಸ್ಟ್ರಾಂಗ್ ಆಗಿರೋದು ಕೊಡಿ’ ಅಂತ ಕೇಳಿ ಐಬುಪ್ರೊಫೆನ್ ಇರುವ ಸಿರಪ್ ತರಬೇಡಿ, ಡೆಂಗಿ ಇದ್ದರೆ ಅದರಿಂದ ರಕ್ತಸ್ರಾವ ಹೆಚ್ಚಾಗಬಹುದು.

ಪ್ಯಾರಾಸಿಟಮಾಲ್ ಬಾಟಲಿಯ ವಿಷಯವೂ ಒಂದಿದೆ. ಒಂದರಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಇರುತ್ತದೆ, ಇನ್ನೊಂದರಲ್ಲಿ 250. ಹನಿ ಔಷಧಿ ಇದಕ್ಕಿಂತ ಗಾಢ. ಅಕ್ಕನ ಬಾಟಲಿಯಿಂದ ತಮ್ಮನಿಗೆ ಅದೇ ಅಳತೆಯಲ್ಲಿ ಕೊಟ್ಟರೆ ಡಬಲ್ ಡೋಸ್ ಆಗಿರುತ್ತದೆ. ಡೋಸ್ ಲೆಕ್ಕ ಹಾಕೋದು ತೂಕದ ಮೇಲೆ, ಒಂದು ಸಲಕ್ಕೆ ಕಿಲೋಗೆ ಹೆಚ್ಚೆಂದರೆ 15 ಮಿ.ಗ್ರಾಂ. ನಿಮ್ಮ ಮಗುವಿಗೆ ಎಷ್ಟು ಅಂತ ನಿಮ್ಮ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ನನ್ನಲ್ಲಿಗೆ ಬರುವಾಗ ಬಾಟಲಿ ತನ್ನಿ, ‘ಆ ಪಿಂಕ್ ಸಿರಪ್ಪು’ ಅಂದರೆ ನನಗೆ ಗೊತ್ತಾಗಲ್ಲ.

ತಾಯಂದಿರನ್ನು ಬೈದು ಪ್ರಯೋಜನ ಇಲ್ಲ ಅಂತ ನನಗೂ ಗೊತ್ತು. ಗಾರ್ಮೆಂಟ್ಸ್‌ಗೆ ಹೋಗುವವರು ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳ ಹೋಯಿತು. ಗದ್ದೆಯಲ್ಲಿ ನಾಟಿ ಇದ್ದರೆ ಅಜ್ಜಿಗೂ ಪುರುಸೊತ್ತಿಲ್ಲ. ಸಿಟ್ಟು ಬರೋದು ಸ್ಕೂಲಿನವರ ಮೇಲೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು 103 ಜ್ವರದಲ್ಲಿ, ‘ಅಂಕಲ್, ನಾಳೆ ಹೋಗದಿದ್ರೆ ನಂಗೆ ಅಟೆಂಡೆನ್ಸ್ ಮೆಡಲ್ ಬರಲ್ಲ’ ಅಂತ ಅತ್ತಳು. ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಹೆಡ್‌ಮಿಸ್ ಒಬ್ಬರಿಗೆ ಇದನ್ನು ಹೇಳಿದೆ. ‘ಪೇರೆಂಟ್ಸೇ ಕೇಳ್ತಾರೆ ಡಾಕ್ಟ್ರೇ’ ಅಂತ ನಕ್ಕರು. ಮುಂದಿನ ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು ಅದು ಬೇಡ ಅನ್ನಿ. ಅಲ್ಲಿಯವರೆಗೆ ರಜೆ ಚೀಟಿ ಬೇಕಿದ್ದರೆ ಕೇಳಿ, ಬರೆದುಕೊಡುತ್ತೇನೆ, ಅದಕ್ಕೆ ಫೀಸ್ ಇಲ್ಲ.