ಓವರ್‌ಹೀಟ್ ಅಂದ್ರೆ 104 ಡಿಗ್ರಿ ಅಂತಲ್ಲ

ಮತ್ತೆ ಅದೇ ಪ್ರಶ್ನೆ. ಟರ್ಬೊ ಕಾರು, ಸಂಜೆ ಟ್ರಾಫಿಕ್, ಒಬಿಡಿ ಆ್ಯಪ್‌ನಲ್ಲಿ (ಕಾರಿನ ಕಂಪ್ಯೂಟರ್ ಲೆಕ್ಕವನ್ನು ಫೋನಿಗೆ ತರುವ ಆ್ಯಪ್) ಕೂಲೆಂಟ್, ಅಂದ್ರೆ ಇಂಜಿನ್ ಸುತ್ತ ಹರಿದು ಬಿಸಿ ಹೊರುವ ದ್ರವ, 104 ಡಿಗ್ರಿ. ತಕ್ಷಣ "ಗಾಡಿ ಓವರ್‌ಹೀಟ್ ಆಗ್ತಿದೆ, ಥರ್ಮೋಸ್ಟಾಟ್ ತೆಗೆಸಿಬಿಡ್ಲಾ?" ಒಂದೇ ಸಾಲಿನಲ್ಲಿ ಎರಡು ಪದ, ಓವರ್‌ಹೀಟ್ ಮತ್ತು ಥರ್ಮೋಸ್ಟಾಟ್ (ಕೂಲೆಂಟ್ ರೇಡಿಯೇಟರಿಗೆ ಹೋಗುವ ದಾರಿಯ ಬಾಗಿಲು), ಎರಡೂ ತಪ್ಪು ಜಾಗದಲ್ಲಿ. ಎಷ್ಟು ಸಲ ಅಂತ ಸುಮ್ನೆ ಇರೋದು?

ಓವರ್‌ಹೀಟ್ ಅಂದರೆ ಇಂಜಿನ್ ಹುಟ್ಟಿಸುವ ಬಿಸಿಯನ್ನು ಹೊರಗೆ ಹಾಕೋಕೆ ಕೂಲಿಂಗ್ ವ್ಯವಸ್ಥೆಯ ಕೈಲಿ ಆಗುತ್ತಿಲ್ಲ ಅಂತ. ಅಷ್ಟೇ. ಹಾಗಾಗಿ ಮೊದಲು ನೋಡಬೇಕಾದ್ದು ಏರುತ್ತಿರುವ ನಂಬರ್ ಎಲ್ಲಾದರೂ ನಿಲ್ಲುತ್ತಾ ಅನ್ನೋದನ್ನ. 96ರಿಂದ 104ಕ್ಕೆ ಹೋಗುತ್ತೆ, ಫ್ಯಾನ್ ಜೋರಾಗಿ ತಿರುಗುತ್ತೆ, ಮತ್ತೆ 96ಕ್ಕೆ ಇಳಿಯುತ್ತೆ, ಮತ್ತೆ ಏರುತ್ತೆ: ಇಂಥ ಕಾರು ಇಡೀ ಸಂಜೆ ಸಿಲ್ಕ್ ಬೋರ್ಡ್‌ನಲ್ಲಿ ನಿಂತರೂ ಓವರ್‌ಹೀಟ್ ಆಗುತ್ತಿಲ್ಲ, ಅದರ ಕೆಲಸ ಅದು ಮಾಡುತ್ತಿದೆ. ಇನ್ನೊಂದು ಕಾರು ಇನ್ನೂ 98ರಲ್ಲೇ ಇದೆ, ಆದರೆ ಒಂದೊಂದೇ ಡಿಗ್ರಿ ಮೇಲೆ ಹೋಗುತ್ತಿದೆ, ಫ್ಯಾನ್ ಸದ್ದೇ ಇಲ್ಲ. ಚಿಂತೆ ಮಾಡಬೇಕಾದ್ದು ಇದರ ಬಗ್ಗೆ.

100 ದಾಟಿದರೆ ಕುದಿಯುತ್ತೆ ಅನ್ನೋ ಭಯ ಶಾಲೆಯಿಂದ ಬಂದದ್ದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತೆ. ಆದರೆ ಕಾರಿನ ಕೂಲಿಂಗ್ ವ್ಯವಸ್ಥೆ ತೆರೆದ ಪಾತ್ರೆ ಅಲ್ವಲ್ಲ, ಅದು ಕುಕ್ಕರ್. ಕೂಲೆಂಟ್ ತುಂಬುವ ಕಡೆ ಇರುವ ಕ್ಯಾಪ್ ಮೇಲೆ 1.1 ಅಂತಲೋ 1.4 ಅಂತಲೋ ಬರೆದಿರೋದು ಅದು ತಡೆದು ಹಿಡಿಯುವ ಒತ್ತಡ, ಬಾರ್ ಲೆಕ್ಕದಲ್ಲಿ. ಅರ್ಧ ನೀರು, ಅರ್ಧ ಗ್ಲೈಕಾಲ್ (ಕೂಲೆಂಟಿನಲ್ಲಿ ನೀರಿಗೆ ಬೆರೆಸುವ ದ್ರವ) ಇದ್ದು ಒಂದು ಬಾರ್ ಒತ್ತಡ ನಿಂತರೆ ಕುದಿಯೋದು 125 ಡಿಗ್ರಿ ದಾಟಿದ ಮೇಲೆ. ಕ್ಯಾಪ್‌ನ ರಬ್ಬರ್ ಸತ್ತಿದ್ದರೆ ಮಾತ್ರ ಈ ಅಂತರ ಕರಗಿಹೋಗುತ್ತೆ. ಆಗ 108ಕ್ಕೇ ರಿಸರ್ವಾಯರ್‌ನಲ್ಲಿ, ಅಂದರೆ ಕೂಲೆಂಟ್ ಡಬ್ಬಿಯಲ್ಲಿ, ಗುಳುಗುಳು.

ಕೆಲವು ಕಾರುಗಳು ಬೇಕಂತಲೇ ಬಿಸಿ ಓಡುತ್ತವೆ. ಬಿಎಂಡಬ್ಲ್ಯುನ ಎನ್54 ಟ್ವಿನ್ ಟರ್ಬೊ ತೊಗೊಳ್ಳಿ. ಅದರಲ್ಲಿ ಎಲೆಕ್ಟ್ರಿಕ್ ವಾಟರ್ ಪಂಪು, ಕಂಪ್ಯೂಟರ್ ಹೇಳಿದಂತೆ ಕೇಳುವ ಥರ್ಮೋಸ್ಟಾಟ್. ನಿಧಾನಕ್ಕೆ ಓಡಿಸಿದರೆ ಕಂಪ್ಯೂಟರ್ ತಾನೇ ಗುರಿ ಇಟ್ಟುಕೊಳ್ಳೋದು 108 ಡಿಗ್ರಿ. ಇಂಧನ ಉಳಿಯಲಿ ಅಂತ. ಆಕ್ಸಿಲರೇಟರ್ ತುಳಿದರೆ ಗುರಿ 95ಕ್ಕೆ, ಇನ್ನೂ ಜೋರು ಮಾಡಿದರೆ 90ಕ್ಕೆ ಇಳಿಯುತ್ತೆ. ಅಂದರೆ ಜಾಮ್‌ನಲ್ಲಿ 108 ತೋರಿಸಿದ ಆ ಕಾರು ಹೇಳಿದ ಮಾತು ಕೇಳುತ್ತಿದೆ.

ಈಗ ಥರ್ಮೋಸ್ಟಾಟ್. ಈ ಪದ ಹಾಳಾದಷ್ಟು ಇನ್ಯಾವುದೂ ಹಾಳಾಗಿಲ್ಲ. ಗ್ರೀಕ್‌ನಲ್ಲಿ ಥರ್ಮೋಸ್ ಅಂದರೆ ಬಿಸಿ, ನಮ್ಮ ಥರ್ಮಾಸ್ ಫ್ಲಾಸ್ಕಿನ ಹೆಸರೂ ಅಲ್ಲಿಂದಲೇ. ಸ್ಟಾಟೋಸ್ ಅಂದರೆ ನಿಂತಿರುವುದು. ಬಿಸಿಯನ್ನು ಒಂದು ಕಡೆ ನಿಲ್ಲಿಸುವುದು ಅಂತ ಹೆಸರೇ ಹೇಳುತ್ತೆ, ಜನ ಮಾತ್ರ ಅದನ್ನ ತಂಪು ಮಾಡುವ ಯಂತ್ರ ಅಂದುಕೊಂಡಿದ್ದಾರೆ, ಇಲ್ಲವೇ ಫ್ಯಾನ್ ಸ್ವಿಚ್ ಅಂತ. ಕಾರಿನ ಥರ್ಮೋಸ್ಟಾಟ್ ಒಳಗೆ ಇರೋದು ಮೇಣದ ಒಂದು ಗುಂಡು. ಬಿಸಿಗೆ ಮೇಣ ಕರಗಿ ಹಿಗ್ಗುತ್ತೆ, ಕಡ್ಡಿಯನ್ನು ತಳ್ಳುತ್ತೆ, ಬಾಗಿಲು ತೆರೆದು ಕೂಲೆಂಟ್ ರೇಡಿಯೇಟರ್ ಕಡೆ ಹರಿಯುತ್ತೆ. 82 ಅಂತ ಅಚ್ಚು ಹಾಕಿದ್ದರೆ 82ಕ್ಕೆ ಬಾಯಿ ಬಿಡೋಕೆ ಶುರು, ಸುಮಾರು 95ರ ಹೊತ್ತಿಗೆ ಪೂರ್ತಿ ತೆರೆದಿರುತ್ತೆ. ಅದು ಇಂಜಿನ್ನಿನ ಕನಿಷ್ಠ ಬಿಸಿಯನ್ನು ಕಾಯುತ್ತೆ. ಗರಿಷ್ಠಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇದು ಅರ್ಥವಾದರೆ ಅರ್ಧ ಜಗಳ ಮುಗೀತು. 71 ಡಿಗ್ರಿಯ ರೇಸಿಂಗ್ ಥರ್ಮೋಸ್ಟಾಟ್ ಹಾಕಿಸಿದರೆ ಟ್ರಾಫಿಕ್‌ನಲ್ಲಿ ತಂಪಾಗುತ್ತೆ ಅಂತಾರೆ. ಹೇಗೆ ಆಗುತ್ತೆ? 104ರಲ್ಲಿ ಹಳೆಯದೂ ಪೂರ್ತಿ ತೆರೆದಿದೆ, ಹೊಸದೂ ಪೂರ್ತಿ ತೆರೆದಿದೆ. ತೆರೆದ ಬಾಗಿಲನ್ನ ಇನ್ನೆಷ್ಟು ತೆರೀತೀರಾ? ಏರಿಕೆ ಶುರುವಾಗೋದು ಸ್ವಲ್ಪ ತಡವಾಗಬಹುದು, ಅಷ್ಟೇ ಲಾಭ.

ಇನ್ನು "ನಮ್ಮ ಊರಿನ ಬಿಸಿಲಿಗೆ ಅದು ಬೇಕಾಗಿಲ್ಲ ಸಾರ್" ಅಂತ ಕಿತ್ತು ಬಿಸಾಕುವ ಮೆಕ್ಯಾನಿಕ್‌ಗಳು. ಎಷ್ಟೋ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತೆ. ಅದನ್ನೇ ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತೆ, ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಇಂಜಿನ್ ಸುತ್ತುತ್ತಿರುತ್ತೆ. ತಂಪಿಗೆ ಅಂತ ತೆಗೆಸಿದ ಕಾರು ಟ್ರಾಫಿಕ್‌ನಲ್ಲಿ ಇನ್ನೂ ಬಿಸಿ! ಹೈವೇನಲ್ಲಿ ಉಲ್ಟಾ: ಇಂಜಿನ್ ಬೇಕಾದ ಬಿಸಿಗೆ ಬರೋದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೆಟ್ಟುಹೋಗೋದು ಉಂಟು, ಇಲ್ಲ ಅನ್ನಲ್ಲ. ಆದರೆ ಆಗ ಹೈವೇನಲ್ಲೂ ಏರುತ್ತೆ, ಇಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗಿರುತ್ತೆ. ಟ್ರಾಫಿಕ್‌ನಲ್ಲಿ ಮಾತ್ರ ಬರುವ ಕಾಯಿಲೆಗೆ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡೋದು ಕೊನೆಗೆ.

"ಪರ್ಫಾರ್ಮೆನ್ಸ್ ಕಾರು ಅಲ್ವಾ, ಟ್ರಾಫಿಕ್‌ನಲ್ಲಿ ಬಿಸಿ ಆಗೋದು ಸಹಜ" ಅನ್ನೋ ಸಮಾಧಾನವೂ ನನಗೆ ಒಪ್ಪಿಗೆ ಇಲ್ಲ. ನಿಂತಲ್ಲಿ ಸುಮ್ನೆ ಓಡುತ್ತಿರುವ 300 ಕುದುರೆಶಕ್ತಿಯ ಇಂಜಿನ್ 300 ಕುದುರೆಶಕ್ತಿಯ ಬಿಸಿ ಹುಟ್ಟಿಸಲ್ಲ. ಆಗ ಉರಿಯುವ ಪೆಟ್ರೋಲ್ ಚೂರೇ ಚೂರು. ರೇಡಿಯೇಟರ್ ಕಟ್ಟಿರೋದು ಅದರ ಹತ್ತಾರು ಪಟ್ಟು ಬಿಸಿಗೆ. ಕೊರತೆ ಇರೋದು ಗಾಳಿಗೆ. ಇಂಟರ್‌ಕೂಲರ್, ಎಸಿ ಕಂಡೆನ್ಸರ್, ಆಯಿಲ್ ಕೂಲರ್, ಇಂಥ ಬಿಸಿ ಬಿಡುವ ಜಾಲರಿಗಳೆಲ್ಲ ರೇಡಿಯೇಟರ್ ಮುಂದೆ ಸಾಲಾಗಿ ನಿಂತಿರುತ್ತವೆ, ಅವನ್ನೆಲ್ಲ ದಾಟಿ ಗಾಳಿ ಎಳೆಯಬೇಕಾದ್ದು ಫ್ಯಾನ್ ಒಂದೇ. 60ರಲ್ಲಿ ಓಡುವಾಗ ಗಾಳಿ ತಾನಾಗೇ ನುಗ್ಗುತ್ತೆ, ಫ್ಯಾನ್ ಸತ್ತಿದ್ದರೂ ಗೊತ್ತಾಗಲ್ಲ. ಆದ್ದರಿಂದ ಓಡುವಾಗ ಸರಿ, ನಿಂತಾಗ ಏರಿಕೆ ಅಂದರೆ ಮೊದಲು ಫ್ಯಾನ್, ಅದರ ರಿಲೇ (ಕರೆಂಟ್ ಕೊಡುವ ಸ್ವಿಚ್ಚು), ಅದರ ಸುತ್ತಲಿನ ಶ್ರೌಡ್ (ಗಾಳಿ ಆಚೀಚೆ ಸೋರದಂತೆ ತಡೆಯುವ ಚೌಕಟ್ಟು), ಆಮೇಲೆ ಸಂದುಗಳಲ್ಲಿ ತುಂಬಿದ ಕಸ. ನಿಂತಾಗ ಸರಿ, ಹೈವೇನಲ್ಲಿ ಏರಿಕೆ ಅಂದರೆ ಒಳಗೆ ಕಟ್ಟಿಕೊಂಡ ರೇಡಿಯೇಟರ್, ಸೋತ ಪಂಪು.

1997ರಲ್ಲಿ ಬಂದ ಪೋರ್ಷೆ 996 (911ರ ಒಂದು ತಲೆಮಾರು) ಇದಕ್ಕೆ ಪಾಠದಂಥ ಕಾರು. ಅದುವರೆಗೆ 911 ಗಾಳಿಯಿಂದ ತಂಪಾಗುವ ಇಂಜಿನ್ನಿನದು. 996ರಲ್ಲಿ ನೀರು ಬಂತು. ಇಂಜಿನ್ ಹಿಂದೆಯೇ ಉಳೀತು, ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಗೆ ಹೋದವು. ಬಂಪರಿನ ಬಾಯಿಗಳಿಂದ ಒಣ ಎಲೆ ಒಳಗೆ ಹೋಗಿ ಕಂಡೆನ್ಸರ್ ಹತ್ತಿರ ಗಟ್ಟಿಯಾಗಿ ಕೂರುತ್ತೆ. ಬಂಪರ್ ಬಿಚ್ಚದೆ ಸರಿಯಾಗಿ ಕಾಣಲ್ಲ. ಜೊತೆಗೆ ಫ್ಯಾನ್‌ನ ಕಡಿಮೆ ವೇಗಕ್ಕೆ ಇರುವ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಭಾಗ) ವಯಸ್ಸಾದಂತೆ ಸುಟ್ಟುಹೋಗುತ್ತೆ. ಆಗ ಫ್ಯಾನ್ ಶುರುವಾಗೋದು ಬಿಸಿ ಜಾಸ್ತಿಯಾಗಿ ಜೋರು ವೇಗದ ಸರದಿ ಬಂದಾಗಲೇ. ಒಂದು ಸಣ್ಣ ರೆಸಿಸ್ಟರ್, ಜನ ವಾಟರ್ ಪಂಪು ಬದಲಾಯಿಸಿಕೊಂಡು ಬರುತ್ತಾರೆ.

ಫ್ಯಾನ್ ನೋಡೋಕೆ ಸುಲಭದ ದಾರಿ ಇದೆ. ಮುಕ್ಕಾಲು ಪಾಲು ಕಾರುಗಳಲ್ಲಿ ಎಸಿ ಹಾಕಿದರೆ ಫ್ಯಾನ್ ತಿರುಗಲೇಬೇಕು. ನಿಂತಲ್ಲಿ ಬಿಸಿ ಏರುತ್ತಿರುವಾಗ ಎಸಿ ಹಾಕಿ. ಬಿಸಿ ಇಳಿದರೆ ಮೋಟರ್ ಚೆನ್ನಾಗಿದೆ, ಅದನ್ನ ಕರೆಯುವ ಸೆನ್ಸರ್ರೋ ವೈರೋ ಕೈಕೊಟ್ಟಿದೆ. ಎಸಿ ಹಾಕಿದ ಮೇಲೂ ಫ್ಯಾನ್ ಅಲ್ಲಾಡದಿದ್ದರೆ ಕೂಡಲೇ ಆಫ್ ಮಾಡಿ, ಕಂಡೆನ್ಸರಿನ ಬಿಸಿಯೂ ಸೇರಿಕೊಂಡರೆ ಕಷ್ಟ.

ಡ್ಯಾಶ್‌ಬೋರ್ಡಿನ ಮುಳ್ಳನ್ನು ಮಾತ್ರ ಸಾಕ್ಷಿಗೆ ಕರೀಬೇಡಿ. ಈಗಿನ ಬಹಳಷ್ಟು ಕಾರುಗಳಲ್ಲಿ ಅದು 80 ಇದ್ದರೂ ಮಧ್ಯದಲ್ಲೇ, 105 ಇದ್ದರೂ ಮಧ್ಯದಲ್ಲೇ ನಿಂತಿರುತ್ತೆ. ಮಾಲೀಕರು ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಓಡಬಾರದು ಅಂತ ಕಂಪನಿಯವರೇ ಹಾಗೆ ಕೂರಿಸಿರುತ್ತಾರೆ. ಅದು ಅಲುಗಾಡಿತು ಅಂದರೆ ಆಗಲೇ ತಡವಾಗಿದೆ. ಒಬಿಡಿ ನಂಬರ್ ಅದಕ್ಕಿಂತ ಎಷ್ಟೋ ಮೇಲು, ಆದರೆ ಅದಕ್ಕೂ ಒಂದು ಕುರುಡು ಉಂಟು. ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರಬೇಕು. ಕೂಲೆಂಟ್ ಸೋರಿ ಸೆನ್ಸರಿನ ಸುತ್ತ ಬರೀ ಗಾಳಿ, ಹಬೆ ಉಳಿದರೆ ಅದು ತಪ್ಪು ಲೆಕ್ಕ ಕೊಡುತ್ತೆ, ಒಳಗೆ ಇಂಜಿನ್ನಿನ ಹೆಡ್ (ಮೇಲ್ಭಾಗ) ಬೇಯುತ್ತಿದ್ದರೂ ಆ್ಯಪ್‌ನಲ್ಲಿ 90 ಅಂತ ಇರಬಹುದು. ಅನುಮಾನ ಬಂದರೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಇಂಜಿನ್ ಬಿಸಿ ಇದ್ದೂ ಹೀಟರ್ ತಣ್ಣನೆ ಗಾಳಿ ಬಿಟ್ಟರೆ ಸುತ್ತಾಡೋಕೆ ಕೂಲೆಂಟೇ ಇಲ್ಲ ಅಂತ. ಆಗ ಮುಂದಿನ ಸಿಗ್ನಲ್‌ವರೆಗೆ ಅಂತ ಲೆಕ್ಕ ಹಾಕದೆ ಪಕ್ಕಕ್ಕೆ ಹಾಕಿ, ಇಂಜಿನ್ ನಿಲ್ಲಿಸಿ, ಪೂರ್ತಿ ಆರುವವರೆಗೆ ಕ್ಯಾಪ್ ಮುಟ್ಟಬೇಡಿ.